ಮತ್ಸ್ಯಕನ್ಯೆಯನ್ನು ನಿಲ್ಲಿಸಬೇಡಿ, ಮಲಗಿಸಿ

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಹುಟ್ಟುಹಬ್ಬಕ್ಕೆ ಮತ್ಸ್ಯಕನ್ಯೆ ಡ್ರೆಸ್ಸೇ ಬೇಕು ಅಂತ ಹಟ ಹಿಡಿದಳು. ಹಸಿರು ಚಮಕಿಯ ಬಾಲ ಆನ್‌ಲೈನಿನಲ್ಲಿ ತರಿಸಿದೆವು. ಮನೆಯಲ್ಲೇ ಮೊಬೈಲಿನಲ್ಲಿ ಐವತ್ತರ ಮೇಲೆ ಫೋಟೊ ತೆಗೆದೆ, ಒಂದೂ ಸಮಾಧಾನ ಇಲ್ಲ. ಮುಖ ಹಳದಿ, ಬಾಲದ ತುಂಬಾ ಬಿಳಿ ಚುಕ್ಕೆ, ಹಿಂದೆ ಫ್ರಿಜ್ಜು, ಕಿಟಕಿ ಸರಳು. ಗೋಣಿಚೀಲದ ಓಟಕ್ಕೆ ನಿಂತ ಹಾಗೆ ಕಾಣುತ್ತಾಳೆ. ನಮ್ಮದು ಎರಡು ಕೋಣೆಯ ಮನೆ. ಹಾಲ್‌ನಲ್ಲಿ ಒಂದೇ ದೊಡ್ಡ ಕಿಟಕಿ. ರಿಂಗ್ ಲೈಟ್ ಕೊಳ್ಳಬೇಕಾ? ನೀರಿನೊಳಗೆ ಇರುವ ಹಾಗೆ ತೋರಿಸೋಕೆ ಆಗುತ್ತಾ? ನಾಲ್ಕು ಫೋಟೊ ಕಳಿಸಿದ್ದೇನೆ, ನೋಡಿ ಹೇಳಿ ಸರ್.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಾಲ್ಕೂ ಫೋಟೊ ನೋಡಿದೆ. ಮಗು ಮುದ್ದಾಗಿದ್ದಾಳೆ. ಡ್ರೆಸ್ ಚೆನ್ನಾಗಿದೆ. ನಿಮ್ಮ ಮೊಬೈಲಿನದೂ ತಪ್ಪಿಲ್ಲ. ಎಡವಟ್ಟಾಗಿರುವುದು ಒಂದೇ ಕಡೆ. ನಾಲ್ಕರಲ್ಲೂ ಅವಳನ್ನು ನಿಲ್ಲಿಸಿದ್ದೀರಿ.

ಮತ್ಸ್ಯಕನ್ಯೆಗೆ ಕಾಲೇ ಇಲ್ಲ ಅಲ್ವಾ? ಅವಳು ನಿಂತ ಕೂಡಲೇ ನೋಡುವವರ ಕಣ್ಣು ಬಾಲದೊಳಗಿನ ಎರಡು ಕಾಲನ್ನು ಹುಡುಕಿಬಿಡುತ್ತದೆ. ಬಟ್ಟೆ ತನ್ನ ಭಾರಕ್ಕೆ ಜೋತುಬಿದ್ದು ಮಂಡಿಯ ಹತ್ತಿರ ಸುಕ್ಕಾಗುತ್ತದೆ. ತುದಿಯ ರೆಕ್ಕೆ ನೆಲಕ್ಕೆ ತಾಗಿ ಮಡಚಿಕೊಳ್ಳುತ್ತದೆ. ಸಾಲದ್ದಕ್ಕೆ ಮಗು ಬೀಳದ ಹಾಗೆ ನಿಲ್ಲುವುದರಲ್ಲೇ ಇರುತ್ತಾಳೆ. ಆ ಭಯ ಮುಖದಲ್ಲಿ ಕಾಣುತ್ತದೆ. ನಿಮ್ಮ ಮೂರನೇ ಫೋಟೊದಲ್ಲಿ ಅವಳ ಬಲಗೈ ಗೋಡೆ ಹಿಡಿದುಕೊಂಡಿದೆ, ಗಮನಿಸಿ.

ಅದಕ್ಕೇ ಅವಳನ್ನು ನೆಲದ ಮೇಲೆ ಮಲಗಿಸಿ, ನೀವು ಮೇಲಿನಿಂದ ತೆಗೆಯಿರಿ. ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಮಲಗಿದಾಗ ಬಟ್ಟೆ ಜೋತುಬೀಳುವುದಿಲ್ಲ, ನೀವು ಹರಡಿದ ಹಾಗೇ ಇರುತ್ತದೆ. ಬಾಲವನ್ನು ಬೇಕಾದ ಕಡೆ ಬಳುಕಿಸಬಹುದು. ಕೂದಲನ್ನು ಸುತ್ತಲೂ ಬಿಡಿಸಿಟ್ಟರೆ ನೀರಲ್ಲಿ ತೇಲುವ ಹಾಗೆ ಕಾಣುತ್ತದೆ. ಹಿಂದೆ ಫ್ರಿಜ್ಜೂ ಇಲ್ಲ, ಕಿಟಕಿ ಸರಳೂ ಇಲ್ಲ. ನೀವು ಹಾಸಿದ ಬಟ್ಟೆಯೇ ಸಮುದ್ರ.

ಮೊದಲು ಜಾಗ ನೋಡೋಣ. ಹಾಲ್‌ನ ಕಿಟಕಿಯಿಂದ ಮೂರು ಅಡಿ ಬಿಟ್ಟು, ಕಿಟಕಿಗೆ ಸಮಾನಾಂತರವಾಗಿ ಅವಳು ಮಲಗಬೇಕು. ತಲೆ ಕಿಟಕಿ ಕಡೆ, ಬಾಲ ಕೋಣೆಯ ಒಳಗೆ ಅಂತ ಮಲಗಿಸಿದರೆ ತಲೆ ಬೆಳ್ಳಗಾಗಿ ಬಾಲ ಕತ್ತಲಾಗುತ್ತದೆ. ಕಿಟಕಿಯಿಂದ ದೂರ ಹೋದಷ್ಟೂ ಬೆಳಕು ಬಹಳ ಬೇಗ ಕುಗ್ಗುತ್ತದೆ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುವುದರಿಂದ ನಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾಗೆ ಗೊತ್ತಾಗುತ್ತದೆ. ಅಡ್ಡಲಾಗಿ ಮಲಗಿಸಿದರೆ ತಲೆಯಿಂದ ಬಾಲದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಬೆಳಕು.

ಕಿಟಕಿಯಿಂದ ನೇರ ಬಿಸಿಲು ಒಳಗೆ ಬೀಳುತ್ತಿದ್ದರೆ ಸರಳುಗಳ ನೆರಳು ಮಗುವಿನ ಮೈಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಅದಕ್ಕೆ ಮನೆಯಲ್ಲಿರುವ ಬಿಳಿ ಪಂಚೆ ಸಾಕು. ಅಂಚು ಕಾಣದ ಹಾಗೆ ಕಿಟಕಿಗೆ ಅಡ್ಡ ಕಟ್ಟಿ. ಬಿಸಿಲು ಪಂಚೆಗೆ ತಾಗಿ ಹರಡುತ್ತದೆ. ಆಗ ಪಂಚೆಯೇ ದೊಡ್ಡ ದೀಪ. ದೀಪ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಮೋಡದ ದಿನವಾದರೆ ಪಂಚೆಯೂ ಬೇಡ. ಉತ್ತರದ ಕಿಟಕಿಯಾದರೆ ದಿನದ ಬಹುಪಾಲು ಹೊತ್ತು ಸಮನಾದ ಬೆಳಕು ಇರುತ್ತದೆ. ಪೂರ್ವದ್ದಾದರೆ ಬೆಳಗ್ಗೆ ಬಿಸಿಲು ಸರಿದ ಮೇಲೆ, ಹತ್ತೂವರೆ ಹನ್ನೊಂದರ ಸುಮಾರಿಗೆ ತೆಗೆಯಿರಿ. ಸೊಳ್ಳೆ ಪರದೆಯ ಜಾಲರಿ ಇದ್ದರೆ ಸರಿಸಿಬಿಡಿ. ಅದು ತುಂಬಾ ಬೆಳಕು ನುಂಗುತ್ತದೆ.

ಕಿಟಕಿಯ ಎದುರಿನ ಕಡೆ, ಅಂದರೆ ಮಗುವಿನ ಇನ್ನೊಂದು ಪಕ್ಕದಲ್ಲಿ, ಒಂದು ಥರ್ಮೊಕೋಲ್ ಹಾಳೆಯನ್ನು ಕುರ್ಚಿಗೆ ಒರಗಿಸಿ ನಿಲ್ಲಿಸಿ. ಗಣೇಶನ ಹಬ್ಬದ ಮಂಟಪದ್ದು ಅಟ್ಟದ ಮೇಲೆ ಉಳಿದಿದ್ದರೆ ಅದೇ ಆಗುತ್ತದೆ. ಕಿಟಕಿಯ ಬೆಳಕು ಅದಕ್ಕೆ ತಾಗಿ ವಾಪಸ್ ಬಂದು ಕೆನ್ನೆಯ ನೆರಳನ್ನು ತುಂಬುತ್ತದೆ. ಇಟ್ಟು ನೋಡಿ, ತೆಗೆದು ನೋಡಿ. ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಇನ್ನು ಮನೆಯ ಲೈಟುಗಳನ್ನೆಲ್ಲ ಆರಿಸಿ. ಒಂದೂ ಬೇಡ. ನಿಮ್ಮ ಫೋಟೊಗಳಲ್ಲಿ ಮುಖ ಹಳದಿಯಾಗಿರುವುದು ಅದರಿಂದಲೇ. ಕಿಟಕಿಯ ಬೆಳಕು ಸ್ವಲ್ಪ ನೀಲಿ, ಸುಮಾರು 5500 ಕೆಲ್ವಿನ್ ಅಥವಾ ಅದಕ್ಕಿಂತ ಜಾಸ್ತಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ನಿಮ್ಮ ಹಾಲ್‌ನ ಅಲಂಕಾರದ ಬಲ್ಬು 2700ರಿಂದ 3000 ಕೆಲ್ವಿನ್, ಅಂದರೆ ಹಳದಿ. ಎರಡೂ ಒಟ್ಟಿಗೆ ಇದ್ದರೆ ಮೊಬೈಲಿಗೆ ಯಾವುದನ್ನು ಬಿಳಿ ಅಂದುಕೊಳ್ಳಬೇಕೋ ತಿಳಿಯುವುದಿಲ್ಲ. ಕಿಟಕಿಗೆ ಹೊಂದಿಸಿದರೆ ಮುಖ ಹಳದಿ, ಬಲ್ಬಿಗೆ ಹೊಂದಿಸಿದರೆ ಬಾಲ ನೀಲಿ. ಆಮೇಲೆ ಎಷ್ಟು ತಿದ್ದಿದರೂ ಸರಿಹೋಗದು. ಇನ್ನೊಂದು ತೊಂದರೆಯೂ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕಡಿಮೆ ದರ್ಜೆಯ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ನಿಮ್ಮ ಎರಡನೇ ಫೋಟೊದ ಗೋಡೆಯ ಮೇಲೆ ಅಡ್ಡ ಗೆರೆಗಳು ಬಂದಿವೆಯಲ್ಲ, ಅವು ಅದರಿಂದ ಬಂದವು. ರಾತ್ರಿ ತೆಗೆಯಲೇಬೇಕು ಅಂತಾದರೆ ಮೊಬೈಲಿನ ಪ್ರೊ ಮೋಡ್‌ನಲ್ಲಿ, ಅಂದರೆ ಸೆಟ್ಟಿಂಗ್ ನಾವೇ ಬದಲಿಸುವ ಮೋಡ್‌ನಲ್ಲಿ, ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ, ಗೆರೆ ಹೋಗುತ್ತದೆ. ಆದರೆ ಹಗಲು ಇರುವಾಗ ರಾತ್ರಿಯ ಗೋಜು ಯಾಕೆ?

ಈಗ ಚಮಕಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮತ್ಸ್ಯಕನ್ಯೆಯ ಡ್ರೆಸ್ಸಿನ ಫೋಟೊ ಕೆಡುವುದೂ ಗೆಲ್ಲುವುದೂ ಇಲ್ಲೇ.

ಒಂದೊಂದು ಚಮಕಿಯೂ ಒಂದು ಪುಟ್ಟ ಕನ್ನಡಿ. ಕನ್ನಡಿಗೆ ತನ್ನದು ಅಂತ ಬೆಳಕಿಲ್ಲ, ಎದುರಿಗೆ ಏನಿದೆಯೋ ಅದನ್ನು ತೋರಿಸುತ್ತದೆ. ಮೊಬೈಲಿನ ಫ್ಲ್ಯಾಷ್ ಒಂದು ಸಣ್ಣ ಚುಕ್ಕೆ. ನಿಮ್ಮ ಕಡೆ ತಿರುಗಿರುವ ಚಮಕಿಗಳಲ್ಲೆಲ್ಲ ಆ ಚುಕ್ಕೆ ಬಿಳಿಯಾಗಿ ಉರಿಯುತ್ತದೆ. ಬೇರೆ ಕಡೆ ತಿರುಗಿರುವ ಚಮಕಿಗಳಿಗೆ ಕತ್ತಲ ಕೋಣೆ ಕಾಣುತ್ತದೆ, ಅವು ಕಪ್ಪಾಗುತ್ತವೆ. ನಡುವೆ ಹಸಿರು ಅನ್ನುವುದೇ ಇಲ್ಲ. ಅದೇ ಚಮಕಿಗೆ ಅಗಲವಾದ ಕಿಟಕಿಯನ್ನೋ ಬಿಳಿ ಗೋಡೆಯನ್ನೋ ತೋರಿಸಿ. ಆಗ ಒಂದೊಂದರಲ್ಲೂ ಆ ಬಿಳುಪಿನ ಒಂದು ತುಂಡು ನಯವಾಗಿ ಮಿಂಚುತ್ತದೆ, ಬಣ್ಣವೂ ಉಳಿಯುತ್ತದೆ. ಹೊಳೆಯಿಂದ ಆಗ ತಾನೇ ಎತ್ತಿದ ಮೀನಿನ ಮೈ ಹಾಗೆ ಹೊಳೆಯುತ್ತದಲ್ಲ, ಅದು ಬೇಕು ನಮಗೆ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಶಾಲೆಯ ಛದ್ಮವೇಷ ಸ್ಪರ್ಧೆಗೆ ಫೋಟೊ ತೆಗೆಯಲು ಹೋಗಿದ್ದೆ. ಆರು ವರ್ಷದ ಒಂದು ಹುಡುಗಿ ನೀಲಿ ಚಮಕಿಯ ಮತ್ಸ್ಯಕನ್ಯೆಯಾಗಿ ಬಂದಿದ್ದಳು. ಅವಳ ಅಜ್ಜಿ ಕೈಯಾರೆ ಒಂದೊಂದೇ ಚಮಕಿ ಹೊಲಿದಿದ್ದರು. ನಾನು ನೇರ ಫ್ಲ್ಯಾಷ್ ಹೊಡೆದೆ. ಪ್ರಿಂಟು ಬಂದಾಗ ಬಾಲದ ಮೇಲೆ ಸುಣ್ಣ ಎರಚಿದ ಹಾಗಿತ್ತು. ಅಜ್ಜಿ ಏನೂ ಅನ್ನಲಿಲ್ಲ. ಫೋಟೊ ಹಿಡಿದುಕೊಂಡು ಬೆರಳಿನಿಂದ ಆ ಬಿಳಿ ಚುಕ್ಕೆಗಳನ್ನು ಸವರಿದರು, ಒರೆಸಿದರೆ ಹೋಗುತ್ತದೇನೋ ಅನ್ನುವ ಹಾಗೆ. ಅವತ್ತಿನಿಂದ ಚಮಕಿ ಕಂಡರೆ ಫ್ಲ್ಯಾಷ್ ಮುಟ್ಟಿಲ್ಲ.

ನಿಮ್ಮ ರಿಂಗ್ ಲೈಟ್ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಕೊಳ್ಳಬೇಡಿ. ಅದೂ ಚಿಕ್ಕ ದೀಪವೇ. ಪ್ರತಿ ಚಮಕಿಯಲ್ಲೂ ಒಂದು ಉಂಗುರ ಕಾಣುತ್ತದೆ, ಮಗುವಿನ ಕಣ್ಣಿನ ಪಾಪೆಯಲ್ಲೂ ಕಾಣುತ್ತದೆ. ಆ ದುಡ್ಡಿಗೆ ಎರಡು ಥರ್ಮೊಕೋಲ್ ಹಾಳೆ ತನ್ನಿ, ಉಳಿದದ್ದರಲ್ಲಿ ಫೋಟೊ ಪ್ರಿಂಟ್ ಹಾಕಿಸಿ.

ಬಾಲ ಎಲ್ಲಿ ಹೆಚ್ಚು ಮಿಂಚುತ್ತದೆ ಅಂತ ತಿಳಿಯಲು ಒಂದು ಸುಲಭದ ದಾರಿ. ಮಗುವನ್ನು ಕರೆಯುವ ಮೊದಲೇ ಬಾಲದೊಳಗೆ ಎರಡು ದಿಂಬು ತುರುಕಿ ನೆಲದ ಮೇಲೆ ಇಡಿ. ಮೊಬೈಲ್ ಹಿಡಿದು ಸುತ್ತಲೂ ನಿಧಾನವಾಗಿ ನಡೆಯಿರಿ. ಕಿಟಕಿಯ ಎದುರು ಪಕ್ಕಕ್ಕೆ ಬಂದಾಗ, ಅಂದರೆ ಬೆಳಕು ಬಾಲದ ಮೇಲೆ ಜಾರಿ ನಿಮ್ಮ ಕಡೆ ಬರುವಾಗ, ಬಾಲ ಹೊತ್ತಿಕೊಂಡ ಹಾಗೆ ಹೊಳೆಯುತ್ತದೆ. ಕಿಟಕಿಗೆ ಬೆನ್ನು ಹಾಕಿ ನೋಡಿದರೆ ಮಂಕಾಗುತ್ತದೆ. ಹಾಗಾಗಿ ಸ್ಟೂಲನ್ನು ಮಗುವಿನ ಆ ಬದಿಯಲ್ಲಿ, ಥರ್ಮೊಕೋಲಿನ ಪಕ್ಕದಲ್ಲಿ ಇಟ್ಟುಕೊಳ್ಳಿ. ಚಮಕಿಯನ್ನು ಸೊಂಟದಿಂದ ತುದಿಯ ಕಡೆಗೆ ಅಂಗೈಯಲ್ಲಿ ಒಮ್ಮೆ ಸವರಿ. ಎಲ್ಲವೂ ಒಂದೇ ದಿಕ್ಕಿಗೆ ಮಲಗಿದರೆ ಮೀನಿನ ಹುರುಪೆಯ ಹಾಗೆ ಸಾಲಾಗಿ ಕಾಣುತ್ತವೆ. ಎರಡು ಬಣ್ಣದ ತಿರುಗುವ ಚಮಕಿಯಾದರಂತೂ ಸವರುವುದನ್ನು ಮರೆಯಲೇಬೇಡಿ.

ಕೆಳಗೆ ಏನು ಹಾಸಬೇಕು? ನಿಮ್ಮದೇ ಸೀರೆ. ಒಂದು ಸೀರೆ ಐದೂವರೆ ಮೀಟರ್ ಆಸುಪಾಸು ಉದ್ದ, ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಗಲ. ಎರಡು ಪದರ ಪಕ್ಕಪಕ್ಕಕ್ಕೆ ಹಾಸಿದರೆ ಎಂಟು ವರ್ಷದ ಮಗುವಿಗೆ ಧಾರಾಳ. ಹೊಳಪಿಲ್ಲದ ಕಾಟನ್ ಸೀರೆ ಬೇಕು. ರೇಷ್ಮೆ ಬೇಡ, ಬಾಲದ ಮಿಂಚಿನ ಜೊತೆ ಅದೂ ಪೈಪೋಟಿಗೆ ಇಳಿಯುತ್ತದೆ. ಬಣ್ಣ ಆರಿಸುವಾಗ ಎಲ್ಲರೂ ಕಡುನೀಲಿ ತೆಗೆಯುತ್ತಾರೆ, ಸಮುದ್ರ ಅಂತ. ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ನಮ್ಮ ಮಕ್ಕಳ ಕೂದಲು ಕಪ್ಪು. ಕಡುನೀಲಿಯ ಮೇಲೆ ಕಪ್ಪು ಕೂದಲು ಕಾಣುವುದೇ ಇಲ್ಲ. ನೀವು ಅಷ್ಟು ಕಷ್ಟಪಟ್ಟು ಹರಡಿದ ಕೂದಲು ಸೀರೆಯಲ್ಲಿ ಕರಗಿಹೋಗುತ್ತದೆ. ಹಸಿರು ಬಾಲಕ್ಕೆ ಹಸಿರು ಸೀರೆಯೂ ಆಗದು. ತಿಳಿ ಆಕಾಶನೀಲಿ, ಬೂದು ಮಿಶ್ರಿತ ನೀಲಿ, ಇಲ್ಲವೇ ಮರಳಿನ ಬಣ್ಣ ಆರಿಸಿ. ಅಂಚು ಜರಿಯದ್ದಾದರೆ ಒಳಗೆ ಮಡಚಿ. ಮೊದಲು ಇಸ್ತ್ರಿ ಮಾಡಿ, ಆಮೇಲೆ ಬೇಕಾದ ಕಡೆ ಕೈಯಿಂದ ಅಲೆಯ ಹಾಗೆ ನಾಲ್ಕೈದು ನೆರಿಗೆ ಎಬ್ಬಿಸಿ. ಮಡಿಕೆಯ ಗೆರೆ ಬೇರೆ, ಅಲೆ ಬೇರೆ. ಸೀರೆಯ ಕೆಳಗೆ ಜಮಖಾನೆ ಇರಲಿ. ಬರೀ ಟೈಲ್ಸ್ ಮೇಲೆ ಮಗುವಿಗೆ ಚಳಿಯಾಗುತ್ತದೆ, ಸೀರೆಯೂ ಜಾರುತ್ತದೆ.

ಡ್ರೆಸ್ಸಿನಲ್ಲಿ ಎರಡು ಕಡೆ ಗುಟ್ಟು ಬಯಲಾಗುತ್ತದೆ. ಒಂದು ಸೊಂಟ. ಬಾಲ ಮುಗಿದು ಮೈ ಶುರುವಾಗುವ ಕಡೆ ಎಲಾಸ್ಟಿಕ್ ಗೆರೆ ಕಾಣುತ್ತದೆ. ನಮ್ಮಲ್ಲಿ ಮತ್ಸ್ಯಾವತಾರದ ಚಿತ್ರ ಬರೆಯುವವರಿಗೂ ಇದೇ ಸಮಸ್ಯೆ, ಮೇಲೆ ನಾಲ್ಕು ಕೈಯ ವಿಷ್ಣು, ಕೆಳಗೆ ಮೀನು. ಎರಡೂ ಸೇರುವ ಕಡೆ ಸೊಂಟದ ಆಭರಣ ಬರೆದು ಬೆಸೆದರೆ ಗೆರೆ ಕಾಣದು. ನೀವೂ ಹಾಗೇ ಮಾಡಿ. ಮನೆಯಲ್ಲಿ ಡಾಬು ಇದ್ದರೆ ಎಲಾಸ್ಟಿಕ್ ಮೇಲೆ ಕಟ್ಟಿ. ಇಲ್ಲದಿದ್ದರೆ ಮುತ್ತಿನ ಸರ ಎರಡು ಸುತ್ತು ಹಾಕಿ. ಭರತನಾಟ್ಯ ಕಲಿಯುವ ಮಕ್ಕಳ ಮನೆಯಲ್ಲಿ ಸೊಂಟಪಟ್ಟಿ ಇರುತ್ತದೆ, ಕೇಳಿ ತನ್ನಿ. ಮೇಲಿನ ಅಂಗಿ ಬಾಲದ ಬಣ್ಣಕ್ಕೆ ಹತ್ತಿರದ್ದೇ ಇರಲಿ, ಮೈಗೆ ಅಂಟುವ ತುಂಬುತೋಳಿನದಾದರೆ ಇನ್ನೂ ಚೆಂದ. ಮೈಯೂ ಬಾಲವೂ ಒಂದೇ ಪ್ರಾಣಿ ಅನ್ನಿಸುತ್ತದೆ. ಮಗುವಿಗೂ ಸಂಕೋಚ ಇರುವುದಿಲ್ಲ.

ಎರಡನೆಯದು ತುದಿಯ ರೆಕ್ಕೆ. ಅಂಗಡಿಯ ಡ್ರೆಸ್ಸುಗಳಲ್ಲಿ ಅದು ಬರೀ ಬಟ್ಟೆ. ಒಳಗೆ ಗಟ್ಟಿಯಾದದ್ದು ಏನಾದರೂ ಬೇಕು. ರಟ್ಟಿನ ಡಬ್ಬಿಯೊಂದನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ ಒಳಗೆ ಸೇರಿಸಿ. ಫೋಮ್ ಶೀಟ್ ಸಿಕ್ಕರೆ ಇನ್ನೂ ಒಳ್ಳೆಯದು, ಬಾಗುತ್ತದೆ. ರೆಕ್ಕೆಗೂ ಪಾದಕ್ಕೂ ನಡುವೆ ಒಂದು ದುಪಟ್ಟಾ ಸುತ್ತಿ ತುಂಬಿದರೆ ಪಾದ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಮಗು ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು, ಬೆರಳುಗಳನ್ನು ಕೆಳಗೆ ಚಾಚಬೇಕು. ಪಾದ ಮೇಲಕ್ಕೆ ಎದ್ದು ನಿಂತರೆ ಬಾಲದ ಕೊನೆಗೆ ಗುಡ್ಡೆ ಆಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ವೀಕಿ ವಾಚಿ ಅನ್ನುವ ಬುಗ್ಗೆಯೊಳಗೆ 1947ರಿಂದ ಮತ್ಸ್ಯಕನ್ಯೆಯರ ಪ್ರದರ್ಶನ ನಡೆಯುತ್ತಿದೆ. ಕೊಳವೆಯಿಂದ ಗಾಳಿ ಎಳೆದುಕೊಳ್ಳುತ್ತಾ ನೀರಿನೊಳಗೇ ಕುಣಿಯುತ್ತಾರೆ. ಅವರನ್ನು ನೋಡಿದರೆ ತಿಳಿಯುತ್ತದೆ. ಮಂಡಿ ಎಂದೂ ಅಗಲುವುದಿಲ್ಲ, ಪಾದ ಸದಾ ಚಾಚಿರುತ್ತದೆ. ಬಾಲ ನಿಜ ಅನ್ನಿಸುವುದಕ್ಕೆ ಮೈ ಹಿಡಿಯುವ ಈ ರೀತಿಯೇ ಅರ್ಧ ಕಾರಣ.

ಮಲಗುವ ಭಂಗಿಗೆ ನಮ್ಮೂರ ಪಾಠವೇ ಸಾಕು. ಬೇಲೂರಿನ ಶಿಲಾಬಾಲಿಕೆಯರನ್ನು ನೆನಪಿಸಿಕೊಳ್ಳಿ. ತಲೆ ಒಂದು ಕಡೆ, ಸೊಂಟ ಇನ್ನೊಂದು ಕಡೆ, ಮಂಡಿ ಮತ್ತೆ ಮೊದಲಿನ ಕಡೆ. ತ್ರಿಭಂಗಿ. ಅದನ್ನೇ ನೆಲದ ಮೇಲೆ ಮಲಗಿಸಿ. ಮಗು ಸ್ವಲ್ಪ ಪಕ್ಕಕ್ಕೆ ಹೊರಳಿ ಮಲಗಲಿ, ಮಂಡಿ ಸ್ವಲ್ಪ ಬಾಗಲಿ, ಬಾಲದ ತುದಿ ಮತ್ತೆ ಹಿಂದಕ್ಕೆ ತಿರುಗಲಿ. ನೇರ ಮಲಗಿದ ಮೀನು ಅಂಗಡಿಯ ಮೀನು, ಬಳುಕಿದ ಮೀನು ಜೀವ ಇರುವ ಮೀನು. ಮುಖ ಮಾತ್ರ ಕಿಟಕಿಯ ಕಡೆಗೆ ಸ್ವಲ್ಪ ತಿರುಗಿರಲಿ. ಒಂದು ಕೈ ತಲೆಯ ಮೇಲೆ ಚಾಚಿದ್ದರೆ ಈಜುವ ಹಾಗೆ ಕಾಣುತ್ತದೆ.

ಕೂದಲಿಗೆ ಹಿಂದಿನ ರಾತ್ರಿಯೇ ಕೆಲಸ. ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಾಕದೆ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ನಾಲ್ಕು ಜಡೆ ಹೆಣೆದು ಮಲಗಿಸಿ. ಬೆಳಗ್ಗೆ ಬಿಚ್ಚಿದರೆ ಅಲೆಅಲೆಯಾಗಿ ನಿಲ್ಲುತ್ತದೆ. ಮಗು ಮಲಗಿದ ಮೇಲೆ ಕೂದಲನ್ನು ತಲೆಯ ಹಿಂದೆ, ಬೀಸಣಿಗೆಯ ಹಾಗಲ್ಲ, ಒಂದೇ ದಿಕ್ಕಿಗೆ ಹರಿದ ಹಾಗೆ ಹರಡಿ. ನೀರು ಒಂದು ಕಡೆಗೆ ಹರಿಯುತ್ತದೆ. ಬಾಲದ ರೆಕ್ಕೆ ಯಾವ ಕಡೆ ಬಾಗಿದೆಯೋ ಕೂದಲೂ ಅದೇ ಕಡೆ ಬಾಗಿದರೆ, ಯಾವ ನೀರೂ ಇಲ್ಲದೆ ನೀರು ಕಾಣಿಸುತ್ತದೆ. ಇದೊಂದು ಸಣ್ಣ ವಿಷಯ, ಆದರೆ ನನಗೆ ತುಂಬಾ ಇಷ್ಟವಾದದ್ದು. ಫ್ಯಾನ್ ಆರಿಸಿರಿ, ಇಲ್ಲದಿದ್ದರೆ ಹರಡಿದ್ದೆಲ್ಲ ಹಾರಿಹೋಗುತ್ತದೆ.

ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು? ಎಂಟು ವರ್ಷದ ಮಗು, ಬಾಲ, ಚಾಚಿದ ಕೈ ಎಲ್ಲಾ ಸೇರಿ ಆರೇಳು ಅಡಿ ಆಗುತ್ತದೆ. ಮೊಬೈಲಿನ ಮುಖ್ಯ ಲೆನ್ಸ್, ಅಂದರೆ 1ಎಕ್ಸ್, ಅದನ್ನು ಹಿಡಿಸಲು ನೆಲದಿಂದ ಸುಮಾರು ಐದಾರು ಅಡಿ ಮೇಲಿರಬೇಕು. ಗಟ್ಟಿಯಾದ ಗಿಡ್ಡ ಸ್ಟೂಲ್ ಮೇಲೆ ನಿಂತು ಕೈ ಚಾಚಿದರೆ ಏಳು ಅಡಿ ಸಿಗುತ್ತದೆ. ಅಷ್ಟು ಸಾಕು, ಏಣಿ ಬೇಡ. 0.5 ಲೆನ್ಸ್ ಮಾತ್ರ ಮುಟ್ಟಬೇಡಿ. ಅದು ಅಂಚಿನಲ್ಲಿರುವುದನ್ನೆಲ್ಲ ಎಳೆದು ಬಿಡುತ್ತದೆ, ತಲೆ ಸೋರೆಕಾಯಿ ಆಗುತ್ತದೆ. ಮೊಬೈಲ್ ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಸ್ವಲ್ಪ ಓರೆಯಾದರೂ ಬಾಲ ಚಿಕ್ಕದಾಗುತ್ತದೆ. ಗ್ರಿಡ್ ಗೆರೆ ಅಥವಾ ಲೆವೆಲ್ ಆನ್ ಮಾಡಿಕೊಂಡರೆ ಕೆಲವು ಮೊಬೈಲುಗಳಲ್ಲಿ ನಡುವೆ ಎರಡು ಪ್ಲಸ್ ಗುರುತು ಬರುತ್ತವೆ, ಎರಡೂ ಒಂದಾದರೆ ಸಮನಾಗಿದೆ ಅಂತ. ಮತ್ತೆ, ಮೊಬೈಲಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಕೈಜಾರಿದರೆ ಅದು ಬೀಳುವುದು ಮಗುವಿನ ಮುಖದ ಮೇಲೆ. ದಯವಿಟ್ಟು ಇದನ್ನು ಬಿಡಬೇಡಿ.

ಮೊಬೈಲಿನ ಸೆಟ್ಟಿಂಗ್ ಜಾಸ್ತಿ ಏನಿಲ್ಲ. ಲೆನ್ಸನ್ನು ಕಾಟನ್ ಬಟ್ಟೆಯಲ್ಲಿ ಒರೆಸಿ. ಮಗುವಿನ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ, ಚಮಕಿಯ ಬಣ್ಣ ಸುಡದ ಹಾಗೆ. ಪೋರ್ಟ್ರೇಟ್ ಮೋಡ್ ಬೇಡ. ಕೂದಲಿನ ಎಳೆ, ರೆಕ್ಕೆಯ ನೆಟ್ ಬಟ್ಟೆ ಎಲ್ಲಿ ಮುಗಿಯುತ್ತದೆ ಅಂತ ತಿಳಿಯದೆ ಅದು ಅಂಚನ್ನೇ ಕತ್ತರಿಸಿದ ಹಾಗೆ ಮಸುಕು ಮಾಡುತ್ತದೆ.

ಬ್ಯೂಟಿ ಮೋಡ್ ಕೂಡ ಆಫ್ ಮಾಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಮೊದಲ ಫೋಟೊದಲ್ಲಿ ಮಗುವಿನ ಮೈಬಣ್ಣ ತೊಳೆದು ತೆಗೆದ ಹಾಗಿದೆ. ಅವಳದು ಚೆಂದದ ಕಂದು ಮೈಬಣ್ಣ. ಹಸಿರು, ನೀಲಿಯ ನಡುವೆ ಕಂದು ಬಣ್ಣ ಎಷ್ಟು ಬೆಚ್ಚಗೆ ಎದ್ದು ಕಾಣುತ್ತದೆ ಗೊತ್ತಾ? ಸಮುದ್ರದ ಬಿಸಿಲಿನಲ್ಲಿ ಬೆಳೆದ ಹುಡುಗಿ ಅಲ್ವಾ ಮತ್ಸ್ಯಕನ್ಯೆ! ಮೊಬೈಲು ತಾನಾಗಿ ಬಿಳಿ ಮಾಡಲು ಬಿಡಬೇಡಿ. ಎಂಟು ವರ್ಷದ ಮಗು ತನ್ನ ಫೋಟೊ ನೋಡಿ 'ನಾನು ಹೀಗಿಲ್ವಲ್ಲ' ಅಂದುಕೊಳ್ಳಬಾರದು.

ಮೇಲಿನಿಂದ ತೆಗೆದದ್ದು ಆದ ಮೇಲೆ ಕುಳಿತ ಫೋಟೊ ಒಂದು ಬೇಕು ಅನ್ನಿಸಿದರೆ ಕೋಪನ್‌ಹೇಗನ್ ಬಂದರಿನ ಪುಟ್ಟ ಮತ್ಸ್ಯಕನ್ಯೆಯ ವಿಗ್ರಹ ನೋಡಿ. ಶಿಲ್ಪಿ ಎಡ್ವರ್ಡ್ ಎರಿಕ್ಸನ್ ಮಾಡಿದ್ದು, 1913ರಲ್ಲಿ ನಿಲ್ಲಿಸಿದ್ದು. ಎತ್ತರ ಬರೀ 1.25 ಮೀಟರ್. ಬಂಡೆಯ ಮೇಲೆ ಕಾಲು ಒಂದೇ ಪಕ್ಕಕ್ಕೆ ಮಡಚಿ, ಒಂದು ಕೈಯೂರಿ, ತಲೆ ಸ್ವಲ್ಪ ತಗ್ಗಿಸಿ ಕುಳಿತಿದ್ದಾಳೆ. ನೂರು ವರ್ಷ ಕಳೆದರೂ ಆ ಭಂಗಿ ಹಳತಾಗಿಲ್ಲ. ಎರಡು ದಿಂಬಿನ ಮೇಲೆ ಕಂದು ಬೆಡ್‌ಶೀಟ್ ಸುತ್ತಿದರೆ ಬಂಡೆ ಆಯಿತು. ಕರ್ಟನ್ ಕಂಬಿಗೆ ಇನ್ನೊಂದು ಸೀರೆ ಇಳಿಬಿಟ್ಟರೆ ಫ್ರಿಜ್ಜು ಮಾಯ. ಇಲ್ಲಿ ನೀವು ಒಂಬತ್ತು ಹತ್ತು ಅಡಿ ಹಿಂದೆ ಸರಿದು, ನೆಲದ ಮೇಲೆ ಕುಳಿತು, 2ಎಕ್ಸ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ನಿಮ್ಮ ಕಡೆ ಇರುವ ಮಂಡಿ ದಪ್ಪ, ಮುಖ ಚಿಕ್ಕದು ಆಗುತ್ತದೆ.

ಈಗ ನೀರಿನ ಪ್ರಶ್ನೆ. ಆಗುತ್ತದೆ, ಒಂದು ಹನಿ ನೀರೂ ಮಗುವಿಗೆ ತಾಗದೆ. ಬಿಸಿಲಲ್ಲಿ ನೀರು ತುಂಬಿದ ಪರಾತ ಇಟ್ಟರೆ ಚಾವಣಿಯ ಮೇಲೆ ಬೆಳಕು ಕುಣಿಯುವುದನ್ನು ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದ್ದೇವೆ. ಅದೇ ಬೆಳಕು ಸಮುದ್ರದ ತಳದಲ್ಲೂ ಕುಣಿಯುವುದು. ನೀರಿನ ಅಲೆ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದು ಕಡೆ ಸೇರಿಸಿ, ಇನ್ನೊಂದು ಕಡೆ ತೆಳುಮಾಡುತ್ತದೆ. ಕಿಟಕಿಯ ಹತ್ತಿರ ಬಿಸಿಲು ಬೀಳುವ ಕಡೆ ಒಂದು ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ, ಒಳಗೆ ಒಂದು ಸಾಧಾರಣ ಕನ್ನಡಿಯನ್ನು ಓರೆಯಾಗಿ ಇಡಿ. ಬಿಸಿಲು ನೀರಿನ ಮೂಲಕ ಕನ್ನಡಿಗೆ ತಾಗಿ ಎದುರು ಗೋಡೆಗೆ, ಅಲ್ಲಿ ಇಳಿಬಿಟ್ಟ ಸೀರೆಗೆ ಬೀಳುತ್ತದೆ. ಪಾತ್ರೆಯ ಅಂಚಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಸೀರೆಯ ಮೇಲೆಲ್ಲ ಬೆಳಕಿನ ಬಲೆ ಆಡುತ್ತದೆ. ಮಗುವಿನ ಬಾಲದ ಮೇಲೂ ಬೀಳಿಸಬಹುದು, ಕಣ್ಣಿನ ಮೇಲೆ ಮಾತ್ರ ಬೇಡ. ಈ ಹೊತ್ತಿಗೆ ಪಂಚೆಯನ್ನು ಅರ್ಧ ಸರಿಸಿ, ಉಳಿದ ಬೆಳಕು ಕಡಿಮೆ ಮಾಡಿ. ಕೋಣೆ ಬೆಳ್ಳಗಿದ್ದರೆ ಬಲೆ ಕಾಣುವುದಿಲ್ಲ.

ಕನ್ನಡಿಯಿಂದ ಬಿಸಿಲನ್ನು ಒಳಗೆ ಕರೆತರುವ ಈ ಉಪಾಯಕ್ಕೆ ದೊಡ್ಡ ಹಿರಿಯರಿದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ಹಿಂದಿಯ 'ಕಾಗಜ್ ಕೆ ಫೂಲ್' ಚಿತ್ರದ ಒಂದು ಹಾಡಿಗೆ ಸ್ಟುಡಿಯೊದೊಳಗೆ ಬಿಸಿಲುಕೋಲನ್ನು ತಂದದ್ದು ಹೀಗೇ, ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ನಿಮ್ಮ ಹಾಲ್‌ನಲ್ಲಿ ಪರಾತ, ಕನ್ನಡಿ ಇಟ್ಟುಕೊಂಡು ನೀವು ಮಾಡುವುದೂ ಅದೇ ಕೆಲಸ.

ಬಿಸಿಲೇ ಬಾರದ ಮನೆಯಾದರೆ ಸಂಜೆ ಕತ್ತಲಾದ ಮೇಲೆ ಗಾಜಿನ ಟ್ರೇಯಲ್ಲಿ ಎರಡು ಬೆರಳು ನೀರು ಹಾಕಿ, ಎರಡು ಸ್ಟೂಲ್ ನಡುವೆ ಇಟ್ಟು, ಕೆಳಗಿನಿಂದ ಇನ್ನೊಂದು ಮೊಬೈಲಿನ ಟಾರ್ಚ್ ಹಿಡಿಯಿರಿ. ಚಾವಣಿಯ ಮೇಲೆ ಅಲೆ ಬರುತ್ತದೆ. ಇದು ಬಿಸಿಲಿನಷ್ಟು ಜೋರಿಲ್ಲ, ಫೋಟೊ ಸ್ವಲ್ಪ ಕಾಳುಕಾಳಾಗುತ್ತದೆ.

ನೀರಿನ ಬಣ್ಣದ ಬಗ್ಗೆ ಒಂದು ಮಾತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಲವೇ ಮೀಟರ್ ಆಳದಲ್ಲಿ ಕೆಂಪು ಬಹುಪಾಲು ಮಾಯವಾಗಿ ಎಲ್ಲವೂ ನೀಲಿ ಹಸಿರಾಗುತ್ತದೆ. ಹಾಗಂತ ಇಡೀ ಫೋಟೊವನ್ನು ನೀಲಿ ಮಾಡಿದರೆ ಮಗುವಿನ ಮುಖಕ್ಕೆ ಜ್ವರ ಬಂದ ಹಾಗಾಗುತ್ತದೆ. ಸ್ನ್ಯಾಪ್‌ಸೀಡ್ ಥರದ ಆ್ಯಪ್‌ನಲ್ಲಿ ಬ್ರಷ್ ತೆಗೆದುಕೊಂಡು ಹಿನ್ನೆಲೆಗೆ ಮಾತ್ರ ಸ್ವಲ್ಪ ತಂಪು ಬಣ್ಣ ಹಚ್ಚಿ. ಮುಖ, ಕೈ ಬಿಟ್ಟುಬಿಡಿ. ಬಾಲದ ಹಸಿರನ್ನು ಜಾಸ್ತಿ ಮಾಡಬೇಡಿ. ಒಳ್ಳೆಯ ಬೆಳಕಿದ್ದರೆ ಅದಕ್ಕೆ ಯಾವ ಸಹಾಯವೂ ಬೇಡ.

ಮಗುವಿನ ತಾಳ್ಮೆ ಇಪ್ಪತ್ತು ನಿಮಿಷ ಅಂತ ಲೆಕ್ಕ ಹಾಕಿ. ಸೀರೆ, ಥರ್ಮೊಕೋಲ್, ಸ್ಟೂಲ್ ಎಲ್ಲಾ ದಿಂಬಿನ ಜೊತೆಯೇ ಹೊಂದಿಸಿ ಆಮೇಲೆ ಅವಳನ್ನು ಕರೆಯಿರಿ. ಚಮಕಿಯ ಒಳಬದಿ ಚುಚ್ಚುತ್ತದೆ, ಒಳಗೆ ಕಾಟನ್ ಲೆಗ್ಗಿಂಗ್ಸ್ ಹಾಕಿಸಿ. ಬಾಲವನ್ನು ಸೀರೆಯ ಮೇಲೆ ಕೂರಿಸಿಯೇ ಹಾಕಿ, ಅಲ್ಲೇ ಬಿಚ್ಚಿ. ಬಾಲ ಹಾಕಿಕೊಂಡು ಕುಪ್ಪಳಿಸಲು ಬಿಡಬೇಡಿ, ಟೈಲ್ಸ್ ಮೇಲೆ ಜಾರಿದರೆ ಮುಖ ಅಡಿಯಾಗಿ ಬೀಳುತ್ತಾಳೆ. ನೀರಿನ ಟಬ್ಬಿಗಂತೂ ಬಾಲದ ಜೊತೆ ಇಳಿಸಲೇಬೇಡಿ. ಎರಡು ಕಾಲು ಕಟ್ಟಿದ ಹಾಗಿರುತ್ತದೆ, ಕಡಿಮೆ ನೀರಿನಲ್ಲೂ ಏಳಲು ಆಗದು. ಅಲಂಕಾರಕ್ಕೆ ದೀಪ, ಮೇಣದಬತ್ತಿ ಹತ್ತಿರ ಇಡಬೇಡಿ, ನೆಟ್ ಬಟ್ಟೆಗೆ ಬೆಂಕಿ ಕ್ಷಣದಲ್ಲಿ ಹಿಡಿಯುತ್ತದೆ. ಕೆನ್ನೆಗೆ ಹೊಳಪು ಬೇಕಾದರೆ ಮುಖಕ್ಕೆಂದೇ ಮಾಡಿದ್ದನ್ನು ಹಚ್ಚಿ. ಕ್ರಾಫ್ಟ್ ಕೆಲಸದ ಗ್ಲಿಟರ್ ಪುಡಿ ಕಣ್ಣಿಗೆ ಹೋದರೆ ಗೀರುತ್ತದೆ.

'ಸ್ಮೈಲ್' ಅನ್ನಬೇಡಿ. ಬಾಯಿ ಮಾತ್ರ ನಗುತ್ತದೆ. 'ಅಗೋ, ಮೇಲೆ ಒಂದು ದೊಡ್ಡ ಹಡಗು ಹೋಗ್ತಿದೆ, ಅದರ ಹೊಟ್ಟೆ ಕಾಣ್ತಿದೆಯಾ?' ಅಂತ ಕೇಳಿ. ಅವಳ ಕಣ್ಣು ಎಲ್ಲಿಗೆ ಹೋಗುತ್ತದೋ ನೋಡಿ. 'ಈಗ ಒಂದು ಪುಟ್ಟ ಮೀನು ನಿನ್ನ ಬೆರಳ ತುದಿಗೆ ಬಂತು' ಅನ್ನಿ. ಅವಳು ಕೈ ನೋಡಿಕೊಳ್ಳುವ ಆ ಕ್ಷಣಕ್ಕೆ ಒತ್ತಿ. ಅಜ್ಜಿಯೋ ಅಣ್ಣನೋ ಇದ್ದರೆ ಕಥೆ ಅವರು ಹೇಳಲಿ, ನಿಮಗೆ ಫೋಟೊದ ಕಡೆ ಗಮನ ಇರುತ್ತದೆ.

ತೆಗೆದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುವ ಮೊದಲು ಅವಳನ್ನು ಒಂದು ಮಾತು ಕೇಳಿ. ಬೇಡ ಅಂದರೆ ಬೇಡ. ಮನೆಯವರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಫೋಟೊವನ್ನು ಕುಗ್ಗಿಸುತ್ತದೆ. ಪ್ರಿಂಟ್ ಹಾಕಿಸುವವರಿಗೂ ಹಾಗೇ ಕೊಡಿ. 12 ಮೆಗಾಪಿಕ್ಸೆಲ್ ಫೋಟೊದಿಂದ 8×12 ಇಂಚಿನ ಪ್ರಿಂಟ್ ಚೆನ್ನಾಗಿ ಬರುತ್ತದೆ. ಮ್ಯಾಟ್ ಕಾಗದ ಕೇಳಿ. ಒಂದು ವಿಷಯ ಮಾತ್ರ ತೆಗೆಯುವಾಗಲೇ ನೆನಪಿರಲಿ. ಮೊಬೈಲ್ ಫೋಟೊ 4:3 ಅಳತೆ, 8×12 ಪ್ರಿಂಟ್ 3:2. ಉದ್ದದ ಎರಡೂ ಅಂಚಿನಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಬಾಲ ಬಳುಕಿ ಅಂಚಿಗೆ ಬಂದಿದ್ದರೆ ರೆಕ್ಕೆಯ ತುದಿ ಅಲ್ಲೇ ಹೋಗಿಬಿಡುತ್ತದೆ. ಹಾಗಾಗಿ ಸ್ಟೂಲ್ ಮೇಲೆ ನಿಂತಾಗ ಮೊಬೈಲನ್ನು ಇನ್ನೊಂದು ಗೇಣು ಮೇಲೆತ್ತಿ, ಸುತ್ತಲೂ ಸೀರೆಯ ನೀರು ಸ್ವಲ್ಪ ಜಾಸ್ತಿಯೇ ಕಾಣಲಿ.